ಮರಳು ಉಗುಳುವ ಹೊತ್ತು

ಅಡುಗೆಮನೆ ಗೋಡೆಗೆ ಎರಡು ಕ್ಯಾಲೆಂಡರು.
ಒಂದರಲ್ಲಿ ಕಡಲಿನ ಇಳಿತ, ಇನ್ನೊಂದರಲ್ಲಿ ನನ್ನದು.
ಕಡಲು ತಾರೀಖು ತಪ್ಪಿಸುವುದಿಲ್ಲ.

ಪಿತ್ತಕೋಶ ತೆಗೆದ ವರ್ಷ
ಎರಡು ವಾರದ ಮಟ್ಟಿಗೆಂದು ಬಂದ ಗುಳಿಗೆ
ಹತ್ತೊಂಬತ್ತು ವರ್ಷ ಕೂತಿತು.
ಉಂಡೂ ಹೋದ ಕೊಂಡೂ ಹೋದ ಅನ್ನುತ್ತಾರಲ್ಲ,
ಇದು ಉಂಡಿತು, ಕೊಂಡಿತು,
ಹೋಗಲಿಲ್ಲ ಅಷ್ಟೆ.
ಕೊಂಡದ್ದರಲ್ಲಿ ಮಗಳ ಮದುವೆಯೂಟದ ರುಚಿ ಸೇರಿತ್ತು,
ತಂಗಿಯ ಮನೆಯ ದಾರಿ,
ಅಳಬೇಕಾದ ಕಡೆ ಅಳು.

ಸಂತೆಯಲ್ಲಿ ಏಡಿ ಮಾರುವ ಒಬ್ದೂಲಿಯಾ
ಒಂದೇ ಏಟಿಗೆ ಬಿಟ್ಟಳು.
ಡಬ್ಬಿಯನ್ನೇ ಬಂದರಿನ ನೀರಿಗೆಸೆದು
ಸೆರಗಿಗೆ ಕೈ ಒರೆಸುವವಳ ಹಾಗೆ ಏಪ್ರನ್ನಿಗೆ ಒರೆಸಿಕೊಂಡಳು.
ನಾಲ್ಕನೇ ದಿನ ಫಿಟ್ಸ್ ಬಂದು
ಐಸಿನ ಮೇಲೆ ಬಿದ್ದಳು,
ಪಕ್ಕದ ಮೀನುಗಳಿಗಿಂತ ಹೆಚ್ಚು ಒದ್ದಾಡಿದಳು.
ಈಗ ಆರಾಮಾಗಿದ್ದಾಳೆ. ಆ ಮಾತು ಎತ್ತುವುದಿಲ್ಲ.

ನಾನು ಡಾಕ್ಟರ್ ಇರಿಯಾ ಹೇಳಿದಂತೆ
ಕೆಲವು ವಾರಕ್ಕೊಮ್ಮೆ, ಉಗುರಂಚಿನಷ್ಟು ಕಡಿಮೆ.
"ತಡೆಯದಾದರೆ ಅಲ್ಲೇ ನಿಲ್ಲು, ಫೋನ್ ಮಾಡು.
ಇಳಿತಕ್ಕೆ ಆರು ಗಂಟೆ ಹಿಡಿಯುತ್ತದೆಂದು
ನಿನಗೆ ನಾನು ಕಲಿಸಬೇಕೇ, ಕಸಿಲ್ದಾ?"

ರಾತ್ರಿ ಮೂರಕ್ಕೆ ಬರುತ್ತದೆ ಅದು.
ಎದೆಯೊಳಗೆ ಯಾರೋ ದೋಣಿಯ ಮೋಟರಿನ ಹಗ್ಗವನ್ನು
ಎಳೆದು, ಎಳೆದು, ಎಳೆದು.
ಚರ್ಮದಡಿ ಇರುವೆಸಾಲು.
ಫ್ರಿಜ್ಜಿನ ಗುಂಯ್‌ಗುಡುವಿಕೆಯಲ್ಲಿ ನನ್ನ ಹೆಸರಿದೆ ಅನಿಸುತ್ತದೆ.

ಎಲ್ಲರೂ ಏನಾದರೂ ತಂದರು.
ನೆರೆಯ ಎರುಂದಿನಾ ನಿಂಬೆವಾಸನೆಯ ಸೊಪ್ಪು ಒಣಗಿಸಿ ಕೊಟ್ಟಳು.
ಡಾಕ್ಟರನ್ನು ಕೇಳಿಯೇ ಕುಡಿದೆ.
ಕಷಾಯ ಏನು ಮಾಡಿತೋ ಕಾಣೆ,
ನೀರು ಕುದಿಯುವತನಕ ಪಾತ್ರೆ ಕಾಯುವ
ಕೆಲಸವೊಂದು ಸಿಕ್ಕಿತು, ಅದು ನಿಜ.
ಕಾಫಿ ಬಿಟ್ಟೆ. ಗುಳಿಗೆಗಿಂತ ಅದಕ್ಕೇ ಹೆಚ್ಚು ಅತ್ತೆ.
ಅಳಿಯ ಫೋನಿನಲ್ಲಿ ಅಲೆಗಳ ಸದ್ದು ಹಾಕಿಕೊಟ್ಟ.
ನಾನು ಎದ್ದು ಕಿಟಕಿ ತೆರೆದೆ.

ಬೆಳಗಿನ ಇಳಿತ ಐದೂ ನಲವತ್ತಕ್ಕೆ.
ಬೂಟು, ಬಕೆಟ್ಟು, ಕೈಕುಂಟೆ.
ಬಂದೇ ತೀರಬೇಕು, ಸಂಘದ ಹಾಜರಿ ಪುಸ್ತಕವಿದೆ,
ನಡುಕಕ್ಕೆ ರಜೆಯಿಲ್ಲ.
ಮೊಣಕಾಲ ತನಕ ತಣ್ಣನೆ ನೀರು
ತಲೆಯಲ್ಲಿದ್ದವಳನ್ನು ಕಾಲಿಗೆ ಇಳಿಸುತ್ತದೆ.
ಕುಂಟೆ ಊರುವಾಗ ಒಂದು ಉಸಿರು,
ಎಳೆಯುವಾಗ ಬಿಡುವ ಉಸಿರು ಅದಕ್ಕಿಂತ ಉದ್ದ.
ಇದನ್ನು ಯಾರೂ ಹೇಳಿಕೊಡಲಿಲ್ಲ.
ಮರಳು ಭಾರವಿತ್ತು, ಅದಕ್ಕೇ ಉದ್ದವಾಯಿತು.
ಹಾಗೆ ಇನ್ನೂರು ಸಲ ಎಳೆದ ಮೇಲೆ
ಮೋಟರಿನ ಹಗ್ಗ ಬಿಟ್ಟವರು ಯಾರು,
ಯಾವಾಗ, ಗೊತ್ತಾಗುವುದಿಲ್ಲ.
ಕೆಲವು ದಿನ ಬಿಡುವುದೂ ಇಲ್ಲ.

ಸಂಜೆ ಮನೆಪಾಲಿನ ಮರುವಾಯಿಯನ್ನು ಉಪ್ಪುನೀರಿಗೆ ಹಾಕಿ
ಬಟ್ಟೆ ಮುಚ್ಚಿ ಕತ್ತಲಲ್ಲಿ ಇಡುತ್ತೇನೆ.
ಅಲುಗಾಡಿಸಿದರೆ ಬಾಯಿ ಬಿಗಿಯುತ್ತವೆ,
ಬೇಗ ಆಗಲೆಂದು ಸಿಹಿನೀರು ಸುರಿದರೆ ಸಾಯುತ್ತವೆ.
ನಿನ್ನೆ ಮೂರಕ್ಕೆ ಎದ್ದವಳು
ಹಾಸಿಗೆಯಲ್ಲಿ ಹೊರಳದೆ, ಕಂಬಳಿ ಹೊದ್ದು
ಬಕೆಟ್ಟಿನ ಪಕ್ಕ ನೆಲದ ಮೇಲೆ ಕೂತೆ.
ಬಹಳ ಹೊತ್ತಿನ ಮೇಲೆ, ಪಿಚ್ ಎಂದು ಒಂದು.
ಬಹಳ ಹೊತ್ತು ಏನೂ ಇಲ್ಲ.
ಆಮೇಲೆ ಮೂಲೆಯಿಂದ ಇನ್ನೊಂದು.
ನುಂಗಿದ್ದನ್ನು ಕಣಕಣವಾಗಿ ವಾಪಸು ಕೊಡುತ್ತಿದ್ದವು,
ಯಾರ ಒತ್ತಾಯವೂ ಇಲ್ಲದೆ.
ನಾನೂ ಅಲ್ಲೇ, ಗೋಡೆಗೊರಗಿ,
ತೂಕಡಿಸಿದೆನಂತೆ. ಮಗಳು ಹೇಳಿದಳು.

ಅಳತೆಯ ಉಂಗುರವೊಂದಿದೆ ನಮ್ಮ ಹತ್ತಿರ.
ಅದರೊಳಗೆ ನುಸುಳುವಷ್ಟು ಚಿಕ್ಕದಾದರೆ ಮರುವಾಯಿಯನ್ನು
ಮರಳಿಗೇ ಹಿಂದಿರುಗಿಸಬೇಕು, ಅದು ಕಾನೂನು.
ಇವತ್ತು ಗುಳಿಗೆಯ ಚೂರನ್ನು ಅದರಲ್ಲಿ ಹಾಯಿಸಿದೆ.
ತಟ್ಟನೆ ಕೆಳಗೆ ಬಿತ್ತು, ನಕ್ಕೆ.
ಮೇಜಿನ ಕೆಳಗೆ ಬಗ್ಗಿ ಹುಡುಕಿ,
ಧೂಳು ಊದಿ, ನೀರಿನ ಜೊತೆ ನುಂಗಿದೆ.

ಇನ್ನೂ ಹನ್ನೊಂದು ವಾರ ಇದೆ.
ನಾಳೆ ಇಳಿತ ಆರೂ ಇಪ್ಪತ್ತೈದಕ್ಕೆ.